ಆಡಳಿತದಲ್ಲಿ ಕೃತಕ ಬುದ್ಧಿಮತ್ತೆ: ನೆದರ್ಲೆಂಡ್ಸ್ ಪ್ರಕರಣ

ಮಕ್ಕಳ ಪಾಲನಾ ಕೇಂದ್ರದ ಶುಲ್ಕಕ್ಕೆ ಡಚ್ ಸರ್ಕಾರ ಪೋಷಕರಿಗೆ ಸಹಾಯಧನ ಕೊಡುತ್ತದೆ. ಸುಳ್ಳು ಅರ್ಜಿಗಳನ್ನು ಪತ್ತೆ ಹಚ್ಚಲೆಂದು ಅಲ್ಲಿನ ತೆರಿಗೆ ಇಲಾಖೆ 2013ರಿಂದ ಒಂದು ಅಲ್ಗಾರಿದಂ ಬಳಸಿತು. ಪ್ರತಿ ಅರ್ಜಿಗೂ ಅದು ಅಪಾಯದ ಅಂಕ ನೀಡುತ್ತಿತ್ತು. ಅರ್ಜಿದಾರರು ಡಚ್ ಪೌರರೇ ಎಂಬುದೂ ಅದರ ಮಾನದಂಡಗಳಲ್ಲಿ ಒಂದು. ಅಂಕ ಹೆಚ್ಚಾದ ಕಡತ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಆದರೆ ಅಂಕ ಹೆಚ್ಚಿದ್ದೇಕೆ ಎಂಬುದು ಆ ಅಧಿಕಾರಿಗೂ ತಿಳಿಯುತ್ತಿರಲಿಲ್ಲ. ಇಡೀ ಪ್ರಕರಣದ ತಿರುಳು ಇದೇ. ಇದರ ಜೊತೆಗೆ ಕಾನೂನೂ ಕಠೋರವಾಗಿತ್ತು: ಸಹಿ ಬಿಟ್ಟುಹೋದಂಥ ಸಣ್ಣ ಲೋಪಕ್ಕೂ ಪಡೆದ ಹಣವನ್ನೆಲ್ಲ ಮರಳಿಸಬೇಕಾಗುತ್ತಿತ್ತು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. ಇದರ ಹೊಣೆ ಹೊತ್ತು ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟ 2021ರ ಜನವರಿ 15ರಂದು ರಾಜೀನಾಮೆ ನೀಡಿತು.

ಅದೇ ದೇಶದ ‘ಸಿರಿ’ (SyRI) ವ್ಯವಸ್ಥೆಯ ಪ್ರಕರಣ ಬೇರೆ, ಎರಡನ್ನೂ ಬೆರೆಸಬಾರದು. ಅದು ಸರ್ಕಾರಿ ದತ್ತಾಂಶಗಳನ್ನು ಜೋಡಿಸಿ ವಂಚನೆಯ ಸಾಧ್ಯತೆ ಊಹಿಸುವ ವ್ಯವಸ್ಥೆಯಾಗಿತ್ತು. ಖಾಸಗಿ ಬದುಕಿನ ಹಕ್ಕನ್ನು ರಕ್ಷಿಸುವ ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 8ನೇ ವಿಧಿಗೆ ಅದರ ಕಾನೂನು ವಿರುದ್ಧವೆಂದು ಹೇಗ್ ಜಿಲ್ಲಾ ನ್ಯಾಯಾಲಯ 2020ರ ಫೆಬ್ರವರಿ 5ರಂದು ತೀರ್ಪಿತ್ತಿತು.

2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಎಐ ಕಾಯ್ದೆಯು ಸರ್ಕಾರಿ ಸವಲತ್ತಿನ ಅರ್ಹತೆ ಅಳೆಯುವ ವ್ಯವಸ್ಥೆಗಳನ್ನು ‘ಹೆಚ್ಚು ಅಪಾಯ’ದ ವರ್ಗಕ್ಕೆ ಸೇರಿಸಿದೆ.