ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು

ಸಿಗಾರ್ ಸೇದಲೆಂದೇ ಮನೆಯಲ್ಲಿ ಒಂದು ಕೋಣೆ ಮೀಸಲಿಡುವವರು ಮೊದಲು ಕೊಳ್ಳುವುದು ಎಕ್ಸಾಸ್ಟ್ ಫ್ಯಾನ್. ಆದರೆ ಗಾಳಿ ಹೊರಹೋಗಬೇಕಾದರೆ ಅಷ್ಟೇ ಗಾಳಿ ಒಳಬರಬೇಕು. ಎಲ್ಲ ಕಡೆ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ತಿರುಗಿದ್ದಷ್ಟೇ ಬಂತು. ಬಾಗಿಲ ಕೆಳಗಿನ ಸಂದಿಯಿಂದ ಗಾಳಿ ಒಳಬಂದು, ಎದುರು ಗೋಡೆಯ ಮೇಲ್ಭಾಗದಿಂದ ನೇರ ಬಯಲಿಗೆ ಹೋಗುವಂತಿರಲಿ. ಊದುಬತ್ತಿ ಹಚ್ಚಿ ಆ ಸಂದಿಯ ಬಳಿ ಹಿಡಿದು ನೋಡಿ. ಹೊಗೆ ಕೋಣೆಯೊಳಕ್ಕೆ ಬಾಗಿದರೆ ಸರಿ. ಹಜಾರದತ್ತ ಬಾಗಿದರೆ ಮನೆಮಂದಿಯೆಲ್ಲ ನಿಮ್ಮ ಹೊಗೆ ಕುಡಿಯುತ್ತಿದ್ದಾರೆ ಎಂದೇ ಲೆಕ್ಕ. ಸ್ಪ್ಲಿಟ್ ಎ.ಸಿ.ಯಂತೂ ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಹೊಗೆ ತೆಳುವಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು, ಅದು ಗಂಟೆಗೂ ಮೀರಿ ಉರಿಯುತ್ತದೆ. ಪರರ ಹೊಗೆಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲೇ ಹೇಳಿದ್ದಾರೆ. ಏರ್ ಪ್ಯೂರಿಫೈಯರ್ ಇದೆಯಲ್ಲ ಎನ್ನಬಹುದು. ಅದರೊಳಗಿನ ಹೆಪಾ ಫಿಲ್ಟರ್ ಸೂಕ್ಷ್ಮ ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನಲ್ಲ. ನನ್ನ ಕೋಣೆ, ನನ್ನಿಷ್ಟ ಎಂಬ ವಾದವೂ ಬಾಗಿಲವರೆಗಷ್ಟೇ: ಪರದೆ, ಸೋಫಾಗಳಿಗೆ ಹತ್ತಿದ ನಿಕೋಟಿನ್ ಮರುದಿನ ಅಲ್ಲಿ ಆಡುವ ಮಗುವಿನ ಕೈಗೂ ಹತ್ತುತ್ತದೆ. ಹಾಗಾಗಿ ಬಿಡಲಾಗದವರಿಗೆ ನನ್ನ ಸಲಹೆ ಕೋಣೆಯಲ್ಲ, ತೆರೆದ ತಾರಸಿ; ಅದೂ ಮೇಲಿನವರ, ಪಕ್ಕದವರ ಕಿಟಕಿಗಳಿಂದ ದೂರ.