ಘಟ್ಟದ ದಾರಿಯೂ ಕಾಡಿನ ಪ್ರಾಣಿಗಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಾನ್ಯ ಪೋಷಕರಿಗೂ ಈ ಸಂಚಿಕೆಯ ಮೂಲಕ ಒಂದು ಚಿಕ್ಕ ಪಾಠವನ್ನು ಒಪ್ಪಿಸಬಯಸುತ್ತೇವೆ. ಜನ್ನಾಪುರದ ಸುತ್ತಿನವರಾದ ನಮಗೆ ಘಟ್ಟದ ದಾರಿ ಹೊಸದಲ್ಲ. ಮದುವೆ, ಉದ್ಯೋಗ, ಚಿಕಿತ್ಸೆ ಮುಂತಾದ ಕಾರಣಗಳಿಂದ ಆಗುಂಬೆಯ 14 ತಿರುವುಗಳನ್ನಾಗಲಿ, ಹೊಸನಗರದ ಕಡೆಯ ಹುಲಿಕಲ್ ಘಾಟಿಯನ್ನಾಗಲಿ ಇಳಿದು ಕರಾವಳಿಗೆ ಹೋಗದ ಕುಟುಂಬ ವಿರಳ. ನಮ್ಮಲ್ಲಿ ಓದಿದ ಅನೇಕ ಹೆಣ್ಣುಮಕ್ಕಳು ಈಗ ತಾವೇ ಮೋಟಾರು ನಡೆಸುತ್ತಾರೆ. ಆದಕಾರಣ ದಾರಿಯಲ್ಲಿ ಕಾಡುಮೃಗವು ಎದುರಾದಾಗ ನಡೆದುಕೊಳ್ಳತಕ್ಕ ಕ್ರಮವನ್ನು ತಿಳಿದಿರುವುದು ಅವಶ್ಯವಾಗಿದೆ.

ಪ್ರಾಣಿಯು ಅನಿರೀಕ್ಷಿತವಾಗಿ ಅಡ್ಡ ಬಂದಿತೆಂದು ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ ಕಾಟಿಯ ಜಾಡೂ ಆನೆಯ ದಾರಿಯೂ ನಮ್ಮ ಡಾಂಬರಿಗಿಂತ ಬಹಳ ಹಳೆಯವು. ನಮ್ಮ ಊರಿಗೆ ಕಾಡಿನ ಋಣವೂ ಉಂಟು. ಭದ್ರಾವತಿಯ ಕಬ್ಬಿಣದ ಕುಲುಮೆಯು 1923ರಲ್ಲಿ ಕೆಲಸವನ್ನಾರಂಭಿಸಿದಾಗ ಅದಕ್ಕೆ ಉರುವಲಾದದ್ದು ಸುತ್ತಲಿನ ಕಾಡಿನ ಮರದ ಇದ್ದಲು. ಉಳಿದ ಕಾಡಿನಲ್ಲಿ ಒಂದು ಭಾಗವು 1974ರಲ್ಲಿ ಭದ್ರಾ ಅಭಯಾರಣ್ಯವೆನಿಸಿ, 1998ರಲ್ಲಿ ಹುಲಿಗಳ ರಕ್ಷಿತ ಪ್ರದೇಶವಾಯಿತು. ಅದರೊಳಗಿದ್ದ ನೂರಾರು ಕುಟುಂಬಗಳು 2001–02ರ ಸುಮಾರಿಗೆ ತಮ್ಮ ಗದ್ದೆ ಮನೆಗಳನ್ನು ಬಿಟ್ಟು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಹೊಸದಾಗಿ ನೆಲೆಸಿದವು. ಪ್ರಾಣಿಗಳಿಗೋಸ್ಕರ ಅವರು ಮನೆಯನ್ನೇ ಬಿಟ್ಟರು. ನಮ್ಮಿಂದ ಕೇಳಲ್ಪಡುವುದು ಸ್ವಲ್ಪ ವೇಗವನ್ನು ಬಿಡಬೇಕೆಂಬುದು ಮಾತ್ರ.

ಪ್ರಾಣಿಗಳು ರಸ್ತೆಗೆ ಬರಲು ಕಾರಣಗಳಿವೆ. ರಸ್ತೆಯ ಅಂಚಿಗೆ ಬಿಸಿಲು ಬೀಳುವುದರಿಂದ ಅಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಕಡವೆ, ಜಿಂಕೆ, ಕಾಟಿಗಳು ಬರುತ್ತವೆ. ಸಂಜೆಯಾದ ಮೇಲೂ ಡಾಂಬರು ಬಿಸಿಯಾಗಿರುವುದರಿಂದ ಹಾವುಗಳು ಅದರ ಮೇಲೆ ಮೈಚಾಚುತ್ತವೆ. ಮೊದಲ ಮಳೆಯ ರಾತ್ರಿಗಳಲ್ಲಿ ಕಪ್ಪೆಗಳು ಹಿಂಡುಹಿಂಡಾಗಿ ದಾಟುತ್ತವೆ. ಮರದಿಂದ ಮರಕ್ಕೆ ಹೋಗುವ ಸಿಂಗಳೀಕವು ಮೇಲೆ ಕೊಂಬೆಗಳ ಸಂಬಂಧ ತಪ್ಪಿದ ಕಡೆಯಲ್ಲಿ ನೆಲಕ್ಕೆ ಇಳಿಯಲೇಬೇಕಾಗುತ್ತದೆ. ಪ್ರಯಾಣಿಕರು ಬಾಳೆಹಣ್ಣನ್ನು ಎಸೆಯುತ್ತಾ ಬಂದರೆ ಕೋತಿಗಳು ಕಾಡನ್ನು ಬಿಟ್ಟು ರಸ್ತೆಯ ಬದಿಯಲ್ಲೇ ಕಾಯಲು ಕಲಿತು, ಕೊನೆಗೆ ಚಕ್ರಕ್ಕೆ ಸಿಕ್ಕುತ್ತವೆ. ದಯೆಯಿಂದ ಕೊಟ್ಟ ಹಣ್ಣೂ ಹೀಗೆ ಮರಣಕ್ಕೆ ಕಾರಣವಾಗಬಹುದು.

ಇನ್ನು ಕಣ್ಣಿನ ವಿಷಯ. ಜಿಂಕೆ, ಚಿರತೆ, ಪುನುಗಿನ ಬೆಕ್ಕು ಮುಂತಾದವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪೊರೆ ಇದೆ. ನಮ್ಮ ದೀಪಕ್ಕೆ ಅವುಗಳ ಕಣ್ಣುಗಳು ಕೆಂಡದಂತೆ ಹೊಳೆಯುವುದು ಇದರಿಂದಲೇ. ಕತ್ತಲೆಯಲ್ಲಿ ಕಾಣುವುದಕ್ಕೆಂದು ಸೃಷ್ಟಿಕರ್ತನು ಕೊಟ್ಟ ಆ ಕಣ್ಣು ಪ್ರಖರವಾದ ದೀಪದ ಎದುರಿಗೆ ಕೋರೈಸಿ, ಪ್ರಾಣಿಯು ದಿಕ್ಕು ತೋಚದೆ ನಿಂತುಬಿಡುತ್ತದೆ. ಕಾಟಿಯಾದರೋ ಮುಖ ತಿರುಗಿಸಿ ನಿಂತರೆ ಹೊಳೆಯುವ ಕಣ್ಣೂ ಕಾಣದು. ಅದರ ಕಪ್ಪು ಮೈ ಕತ್ತಲೆಯಲ್ಲೇ ಬೆರೆತುಹೋಗುತ್ತದೆ.

ಈಗ ಒಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಮೋಟಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನು ಕಂಡು, ತಿಳಿದು, ಬ್ರೇಕು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 25 ಮೀಟರ್ ಕಳೆದಿರುತ್ತದೆ. ಒಣಗಿದ ಸಮತಲ ರಸ್ತೆಯಲ್ಲಿ ಗಾಡಿ ನಿಲ್ಲಲು ಮತ್ತೆ ಸುಮಾರು 20 ಮೀಟರ್ ಬೇಕು. ಒಟ್ಟು 45 ಮೀಟರ್. ವೇಗವು 40 ಆಗಿದ್ದರೆ ಒಟ್ಟು 26 ಮೀಟರ್ ಸಾಕು. ಆ 19 ಮೀಟರ್ ಅಂತರದಲ್ಲಿ ಒಂದು ತಾಯಿಕಾಟಿಯೂ ಅದರ ಕರುವೂ ನಿಂತಿರಬಹುದು. ಗಾಡಿಯೊಳಗೆ ನಿಮ್ಮ ಮಕ್ಕಳೂ ಇರಬಹುದು. ದೊಡ್ಡ ಕಾಟಿಯ ತೂಕ ಸುಮಾರು 1000 ಕಿಲೋ ಆದ್ದರಿಂದ ಡಿಕ್ಕಿಯ ಪೆಟ್ಟು ಎರಡು ಪಕ್ಷಕ್ಕೂ ಬೀಳುತ್ತದೆ. ಮಲೆನಾಡಿನ ಮಳೆ, ಮಂಜು, ಇಳಿಜಾರುಗಳಲ್ಲಿ ಈ ದೂರಗಳು ಇನ್ನೂ ಹೆಚ್ಚು.

ಹೀಗಿರಲಾಗಿ ಅನುಸರಿಸತಕ್ಕ ನಿಯಮಗಳು ಕೆಲವೇ. ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ 40ನ್ನು ಮೀರಬಾರದು. ತಿರುವುಗಳಲ್ಲಿ ಅದಕ್ಕಿಂತಲೂ ತಗ್ಗಬೇಕು. ಪ್ರಾಣಿ ಕಂಡೊಡನೆ ದೀಪವನ್ನು ತಗ್ಗಿಸಬೇಕು. ಗಾಬರಿಯಿಂದ ಚಕ್ರ ತಿರುಗಿಸಿದರೆ ಒಂದು ಕಡೆ ಬಂಡೆ, ಮತ್ತೊಂದು ಕಡೆ ಕಮರಿ. ಆದಕಾರಣ ನೇರವಾಗಿಯೇ ಬ್ರೇಕು ಹಾಕಬೇಕು. ಒಂದು ಕಡವೆ ದಾಟಿದರೆ ಹಿಂದೆ ಇನ್ನೊಂದು ಇದೆಯೆಂದೇ ಎಣಿಸಬೇಕು. ಆನೆಯನ್ನು ಕಂಡರೆ ದೂರದಲ್ಲೇ ನಿಂತು, ಹಾರನ್ನು ಮಾಡದೆ, ಕೆಳಗಿಳಿಯದೆ, ಅನುಕೂಲವಿದ್ದರೆ ಮೆಲ್ಲನೆ ಹಿಂದಕ್ಕೆ ಸರಿಯಬೇಕು. ತಾಯಿಗೂ ಮರಿಗೂ ನಡುವೆ ಎಂದಿಗೂ ಹೋಗಕೂಡದು.

ಸರಕಾರವೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನಸಂಚಾರವನ್ನು 2009ರಲ್ಲಿ ನಿಲ್ಲಿಸಲಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಬಳಸುದಾರಿಯಿಂದ ಕಾಲವೂ ಹಣವೂ ವ್ಯಯವಾಗುವುದೆಂದು ದೂರುವವರಿದ್ದಾರೆ. ಅವರ ಕಷ್ಟವೂ ನಿಜವೇ. ಆದರೆ ಎಲ್ಲಾ ರಸ್ತೆಗಳಿಗೂ ಬಾಗಿಲು ಹಾಕುವಂತಿಲ್ಲ. ನಮ್ಮ ಘಟ್ಟದ ದಾರಿಗಳಲ್ಲಿ ಕಾವಲು ನಮ್ಮ ಮನಸ್ಸೇ ಆಗಬೇಕು.

ಅರಣ್ಯಕಾಂಡದಲ್ಲಿ ಬರುವ ಬಿಳಾಮನ ಕತ್ತೆಯ ಕಥೆ ನಿಮಗೆ ಶಾಲೆಯ ಪ್ರಾರ್ಥನಾ ವೇಳೆಯಿಂದ ಜ್ಞಾಪಕವಿದ್ದೀತು. ದಾರಿಯಲ್ಲಿ ನಿಂತಿದ್ದ ದೇವದೂತನು ಕತ್ತೆಗೆ ಕಂಡನು, ಸವಾರನಿಗೆ ಕಾಣಲಿಲ್ಲ. ಅದು ಮೂರು ಸಾರಿ ತಡೆದಾಗಲೂ ಅವಸರದಲ್ಲಿದ್ದ ಬಿಳಾಮನು ಅದನ್ನು ಹೊಡೆದನು; ಆದರೆ ಅವನ ಪ್ರಾಣವನ್ನು ಉಳಿಸಿದ್ದು ಆ ತಡೆಯೇ. ಮೂಕಪ್ರಾಣಿಯು ದಾರಿ ತಡೆದಾಗ ಕೋಪಗೊಳ್ಳುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹಳೆಯ ವಿದ್ಯಾರ್ಥಿನಿಯರಿಗೆ ಕಡೆಯದಾಗಿ ಒಂದು ಮಾತು. ಮೋಟಾರನ್ನು ಯಜಮಾನರು ನಡೆಸಲಿ, ಮಗನು ನಡೆಸಲಿ, ಬಾಡಿಗೆಯ ಚಾಲಕನು ನಡೆಸಲಿ, ವೇಗ ಮೀರಿದಾಗ ಹಿಂದಿನ ಆಸನದಲ್ಲಿ ಸುಮ್ಮನೆ ಕುಳಿತಿರಬೇಡಿರಿ. ನಿಧಾನವಾಗಿ ಹೋಗೋಣವೆಂದು ಸೌಮ್ಯವಾಗಿ, ಆದರೆ ಕೇಳಿಸುವಂತೆ ಹೇಳಿರಿ. ಶಾಲೆಯಲ್ಲಿ ಎದ್ದುನಿಂತು ಸ್ಪಷ್ಟವಾಗಿ ಉತ್ತರ ಕೊಡುವುದನ್ನು ನೀವು ಕಲಿತದ್ದು ಇಂಥ ಸಮಯಕ್ಕಾಗಿಯೂ ಹೌದು. ನಿಮ್ಮೆಲ್ಲರ ಪ್ರಯಾಣಗಳನ್ನು ದೇವರು ಕಾಪಾಡಲಿ.