ಹೊರದೇಶದ ಕರವಸ್ತ್ರಕ್ಕೆ ನಮ್ಮ ಹೊಲದ ಹತ್ತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಎರೆ ಭೂಮಿಯಲ್ಲಿ ಬೆಳೆದ ಹತ್ತಿ ಗಿರಣಿ ಸೇರಿದ ಮೇಲೆ ಎಲ್ಲಿಗೆ ಹೋಗುತ್ತದೆಂಬುದು ರೈತರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಅದು ನೂಲಾಗಿ, ಕರವಸ್ತ್ರ, ಕಾಲುಚೀಲ, ಟೊಪ್ಪಿಗೆಗಳಾಗಿ ಪರದೇಶದ ಬಂದರನ್ನು ಮುಟ್ಟಲೂಬಹುದು. ಕೊಳ್ಳುವ ದೇಶ ಇವನ್ನು ತನ್ನ ನಿಯಮಗಳ ಜರಡಿ ಹಿಡಿದೇ ಒಳಗೆ ಬಿಡುತ್ತದೆ.

ನಿಯಮಗಳು ಯಾವುವು?

ಕೆಲವು ಅಜೋ ಬಣ್ಣಗಳಿಂದ ಕ್ಯಾನ್ಸರ್ ತರುವ ಅಮೈನುಗಳು ಹೊರಬರುವುದರಿಂದ 1994ರಲ್ಲಿ ಜರ್ಮನಿ ಅವನ್ನು ನಿಷೇಧಿಸಿತು. ಇಂದು ಯುರೋಪ್ ಒಕ್ಕೂಟದಲ್ಲಿ, ಮೈಗೆ ತಾಗುವ ಬಟ್ಟೆಯಲ್ಲಿ ಇಂಥ ಅಮೈನು ಕಿಲೋಗ್ರಾಮಿಗೆ 30 ಮಿ.ಗ್ರಾಂ ಮೀರುವಂತಿಲ್ಲ. ಗುಂಡಿ, ಜಿಪ್ಪುಗಳ ನಿಕಲ್ಲಿಗೂ ಮಿತಿಯಿದೆ. ಇವು ಬಣ್ಣದ ಕಾರ್ಖಾನೆಯವರ ಚಿಂತೆ. ರೈತರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೊಲದವರೆಗೆ ಬರುವ ನಿಯಮ ಬೇರೆ. ಚೀನದ ಶಿಂಜಿಯಾಂಗ್ ಪ್ರಾಂತದಲ್ಲಿ ಬಲವಂತದ ದುಡಿಮೆಯಿಂದ ಹತ್ತಿ ಬೆಳೆಯುತ್ತಾರೆಂದು ಅಮೆರಿಕ ಅಲ್ಲಿಯ ಹತ್ತಿಯ ಸರಕನ್ನು ತಡೆಯುತ್ತಿದೆ. ಇದರಿಂದಾಗಿ ಹತ್ತಿ ಯಾವ ಊರಿನದು, ಯಾವ ಗಿರಣಿಯದು ಎಂಬ ದಾಖಲೆಯನ್ನು ಕೊಳ್ಳುವವರು ಕೇಳತೊಡಗಿದ್ದಾರೆ. ಮಾರಿದ ತೂಕದ ಚೀಟಿ ಹರಿದೆಸೆಯಬೇಡಿರಿ. ಬಿಡಿಸುವ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಬೇಡಿರಿ. ಸಾವಯವವೆಂದು ಮಾರುವವರು ಬಿ.ಟಿ. ಬೀಜ ಹಾಕುವಂತಿಲ್ಲ, ಸಾವಯವ ಪ್ರಮಾಣಪತ್ರಕ್ಕೆ ಕುಲಾಂತರಿ ಬೀಜ ನಡೆಯುವುದಿಲ್ಲ.

ಪ್ಲಾಸ್ಟಿಕ್ ಎಳೆ

ಸರಕಾರದ ಕಾಯಿದೆಯಲ್ಲದಿದ್ದರೂ ಖರೀದಿದಾರರ ಕರಾರಿನಲ್ಲಿ ಎಲ್ಲಕ್ಕೂ ಕಠಿಣವಾದದ್ದು ಕಲಬೆರಕೆಯ ಷರತ್ತು. ಗೊಬ್ಬರದ ಚೀಲದಿಂದ ಬಿಚ್ಚಿಕೊಂಡ ಒಂದು ಎಳೆ ಹತ್ತಿಯಲ್ಲಿ ಸೇರಿತೆನ್ನಿ. ಜಿನ್ನಿಂಗ್ ಯಂತ್ರ ಅದನ್ನು ಚೂರುಚೂರು ಮಾಡಿ 170 ಕಿ.ಗ್ರಾಂ ಬೇಲಿನ ತುಂಬ ಹರಡುತ್ತದೆ. ಈ ಪ್ಲಾಸ್ಟಿಕ್ಕಿಗೆ ಹತ್ತಿಯ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ನೀಲಿ ಕರವಸ್ತ್ರದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ, ಮಾಲು ತಿರಸ್ಕೃತವಾಗುತ್ತದೆ. ಕೂದಲು, ಸುತಳಿ, ಗೋಣಿಯ ನಾರು, ಗುಟಕಾ ಚೀಟಿ ಇವೂ ಅದೇ ಜಾತಿಯವು.

ಆದ್ದರಿಂದ ಹತ್ತಿಯನ್ನು ಬಿಳಿ ಹತ್ತಿಬಟ್ಟೆಯ ಚೀಲದಲ್ಲಿಯೇ ಬಿಡಿಸಬೇಕು. ಹೆಣ್ಣುಮಕ್ಕಳು ತಲೆಗೆ ಹತ್ತಿಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಇಬ್ಬನಿ ಆರಿದ ಮೇಲೆ ಪೂರ್ಣ ಅರಳಿದ ಕಾಯಿಗಳನ್ನಷ್ಟೇ ಬಿಡಿಸಿ, ಹುಳು ತಿಂದ ಕಂದು ಹತ್ತಿಯನ್ನು ಬೇರೆಯಿಡಿರಿ. ಹರಿದ ತಾಡಪತ್ರಿಯ ಮೇಲೆ ರಾಶಿ ಹಾಕುವುದಕ್ಕಿಂತ ಸಿಮೆಂಟಿನ ಕಟ್ಟೆ ಎಷ್ಟೋ ಲೇಸು.

ತೂಕ ಬರಲೆಂದು ನೀರು ಸಿಂಪಡಿಸುವ ರೂಢಿ ಕೆಲವೆಡೆ ಇದೆ. ಅದು ನಷ್ಟದ ವ್ಯಾಪಾರ. ಭಾರತೀಯ ಹತ್ತಿ ನಿಗಮ ಶೇ. 8ರ ತೇವಕ್ಕೆ ಪೂರ್ತಿ ಬೆಂಬಲ ಬೆಲೆ ಕೊಡುತ್ತದೆ, 12ರವರೆಗೆ ಕಡಿತ ಮಾಡುತ್ತದೆ, ಅದನ್ನೂ ಮೀರಿದರೆ ಕೊಳ್ಳುವುದೇ ಇಲ್ಲ.

ಇಷ್ಟೆಲ್ಲ ಮಾಡಿದರೆ ಹೆಚ್ಚು ದರ ಸಿಗುವುದೇ ಎಂದು ರೈತರು ಕೇಳುವುದು ನ್ಯಾಯವೇ. ಒಬ್ಬರೇ ಒಂದು ಗಾಡಿ ಸ್ವಚ್ಛ ಹತ್ತಿ ಒಯ್ದರೆ ಅದು ಗಿರಣಿಯಲ್ಲಿ ಉಳಿದವರ ರಾಶಿಯೊಳಗೆ ಬೆರೆತುಹೋಗುತ್ತದೆ, ದರವೂ ಅಷ್ಟೇ. ಒಂದೇ ತಳಿ ಬೆಳೆದ ಹತ್ತಿಪ್ಪತ್ತು ಮಂದಿ ಕೂಡಿ, ಒಂದೇ ದಿನ ಲಾಟು ಮಾಡಿ, ಬೇರೆಯಾಗಿ ಜಿನ್ ಮಾಡಿಸುವ ಮಾತನ್ನು ಗಿರಣಿಯವರೊಡನೆ ಮೊದಲೇ ಆಡಿಕೊಂಡರೆ ಚೌಕಾಸಿಗೆ ಜಾಗ ಸಿಗುತ್ತದೆ. ಈ ಮಾತುಕತೆ ಮೊದಲನೆಯ ಬಿಡಿಸುವಿಕೆಗೆ ಮುಂಚೆಯೇ ಮುಗಿದಿರಬೇಕು.